ಒಪ್ಪುತ್ತೇನೆ ಎಂಬ ಗುಂಡಿ

ಮೆತೋದಿಯ ಗ್ರಹಚಾರ ಕೆಟ್ಟದ್ದು ಅಂಗೈಯಗಲದ ಒಂದು ಚೌಕದಿಂದ. ಕಂಪ್ಯೂಟರಿನ ಪರದೆಯ ಮೇಲೆ ಮೂಡುವ ಆ ಚೌಕದಲ್ಲಿ ಎರಡೇ ಗುಂಡಿಗಳಿದ್ದವು: ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’.

ಡ್ಯಾನ್ಯೂಬ್ ನದಿಯ ದಂಡೆಯ ಲೋಮ್ ಪಟ್ಟಣದಲ್ಲಿ ಯಾರಾದರೂ ತೀರಿಕೊಂಡರೆ ಫೋಟೋ ಸಮೇತ ಸಾವಿನ ಚೀಟಿ ಮನೆಬಾಗಿಲಿಗೂ ಬೀದಿಯ ಕಂಬಗಳಿಗೂ ಅಂಟುತ್ತದೆ. ಆ ಚೀಟಿ ಅಚ್ಚು ಹಾಕುವುದು ಕೊಸ್ತಾದಿನ್ ಯಜಮಾನರ ಅಂಗಡಿ. ಶವಪೆಟ್ಟಿಗೆಯೂ ಅಲ್ಲೇ ಸಿಗುತ್ತದೆ. ಈಚೆಗೆ ಚೀಟಿಗಳು ಅಂಗಡಿಯ ವೆಬ್‌ಸೈಟಿನಲ್ಲೂ ಬರುತ್ತಿದ್ದವು. ಅದನ್ನು ನೋಡಿಕೊಳ್ಳುವವನೇ ಮೆತೋದಿ. ಐವತ್ತು ದಾಟಿದ, ಯಾರೊಂದಿಗೂ ಜಗಳವಾಡಲು ಬಾರದ, ಬೇರೆಲ್ಲೂ ಕೆಲಸ ಸಿಗದ ಮನುಷ್ಯ. ಊರಿನ ಅರ್ಧ ಜನ ಜರ್ಮನಿಗೆ ಹೋಗಿದ್ದರು, ಉಳಿದರ್ಧ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಹಾಗಾಗಿ ಇವನ ಸಂಬಳ ಹೇಗೋ ನಡೆಯುತ್ತಿತ್ತು.

ವೆಬ್‌ಸೈಟನ್ನು ಎಷ್ಟು ಜನ ನೋಡಿದರೆಂದು ಎಣಿಸುತ್ತಿದ್ದ ಹಳೆಯ ವ್ಯವಸ್ಥೆ ಅಂದಿಗೆ ನಿಂತುಹೋಗುವುದಿತ್ತು. ಮೆತೋದಿ ಬೆಳಿಗ್ಗೆಯೇ ಕೂತು ಹೊಸದಕ್ಕೆ ಬದಲಾಯಿಸಿದ. ಹೊಸದು ಬಲು ಮರ್ಯಾದಸ್ಥ. ಬಂದವರನ್ನು ಮೊದಲು ಅನುಮತಿ ಕೇಳುತ್ತದೆ. ‘ಒಪ್ಪುತ್ತೇನೆ’ ಎಂದು ಒತ್ತಿದವರನ್ನು ಮಾತ್ರ ಎಣಿಸುತ್ತದೆ.

ಮಧ್ಯಾಹ್ನವಾದರೂ ಲೆಕ್ಕ ಸೊನ್ನೆಯಲ್ಲೇ ಇತ್ತು. ಅಷ್ಟರಲ್ಲಿ ಪಕ್ಕದ ವಿದಿನ್ ಪಟ್ಟಣಕ್ಕೆ ಹೋಗಿದ್ದ ಯಜಮಾನರ ಫೋನು ಬಂತು.

“ಹೊಸದ್ರಲ್ಲಿ ಎಷ್ಟು ಜನ ತೋರಿಸ್ತಿದೆ?”

“ಇನ್ನೂ ಎಣಿಸ್ತಾ ಇದೆ ಯಜಮಾನ್ರೇ.”

“ಸಂಜೆ ಬಂದು ನೋಡ್ತೀನಿ. ನೋಡೋರೇ ಇಲ್ಲ ಅಂದ್ರೆ ವೆಬ್‌ಸೈಟ್ ಯಾಕೆ, ನೀನ್ಯಾಕೆ? ನನ್ನ ಬಾಮೈದ ಮನೇಲಿ ಸುಮ್ನೆ ಕೂತಿದ್ದಾನೆ. ಕಂಬಕ್ಕೆ ಚೀಟಿ ಅಂಟಿಸೋಕೆ ಅವನೇ ಸಾಕು.”

ಮೆತೋದಿ ಮೆಟ್ಟಿಲಿಳಿದು ಕೆಳಗಿನ ಹೂವಿನಂಗಡಿಯ ಸ್ತೊಯ್ನಾಳ ಬಳಿ ಓಡಿದ.

“ಅಕ್ಕಾ, ಇವತ್ತು ನಮ್ಮ ವೆಬ್‌ಸೈಟ್ ನೋಡಿದ್ರಾ?”

“ನೋಡ್ದೆ ಇರ್ತೀನಾ? ಹೂ ಎಷ್ಟು ತರಿಸ್ಬೇಕು ಅಂತ ಗೊತ್ತಾಗೋದೇ ಅದರಿಂದ.”

“ಯಾವ ಗುಂಡಿ ಒತ್ತಿದ್ರಿ?”

“ಒಪ್ಪಲ್ಲ ಅನ್ನೋದು.”

“ಯಾಕಕ್ಕಾ?”

“ಯಾಕೇಂದ್ರೆ, ಕಮ್ಯುನಿಸ್ಟರ ಕಾಲ್ದಲ್ಲಿ ನಮ್ಮಪ್ಪ ಒಂದ್ಸಲ ಒಪ್ತೀನಿ ಅಂತ ಹೆಬ್ಬೆಟ್ಟು ಒತ್ತಿದ. ಹೊಲ, ಬಂಡಿ, ಹೇಸರಗತ್ತೆ ಎಲ್ಲಾ ಸರ್ಕಾರದ ಪಾಲಾಯ್ತು. ಸಾಯೋವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ದು ಒಂದೇ ಮಾತು. ಮಗಳೇ, ಯಾವುದಕ್ಕೂ ಒಪ್ಕೋಬೇಡ ಅಂತ.”

ಊರಿನಲ್ಲಿ ಎಲ್ಲರ ಅಪ್ಪಂದಿರೂ ಅದನ್ನೇ ಹೇಳಿ ಸತ್ತಿದ್ದರು. ಬೇಕರಿಯಲ್ಲಿ, ಔಷಧಿ ಅಂಗಡಿಯಲ್ಲಿ, ಕಂಡ ಕಂಡವರ ಮುಂದೆ ಮೆತೋದಿ ಕೈಮುಗಿಯುವುದೊಂದು ಬಾಕಿ ಎಂಬಂತೆ ಬೇಡಿಕೊಂಡ. ದಿನವೂ ನೋಡುತ್ತೇವೆ ಎಂದವರೇ ಎಲ್ಲ, ಒಪ್ಪಿದವರು ಮಾತ್ರ ಒಬ್ಬರೂ ಇಲ್ಲ. ಕ್ಷೌರದಂಗಡಿಗೆ ಬರುವಷ್ಟರಲ್ಲಿ ಸುದ್ದಿ ಇವನಿಗಿಂತ ಮುಂದೆ ಹೋಗಿತ್ತು.

“ಶವಪೆಟ್ಟಿಗೆ ಅಂಗಡಿಯೋರು ಒಪ್ಪಿಗೆ ಕೇಳ್ತಿದ್ದೀರಂತೆ,” ಎಂದ ಕ್ಷೌರಿಕ ರೂಸಿ, ಕತ್ತರಿ ನಿಲ್ಲಿಸದೆ. “ಅಳತೆ ತಗೊಳ್ಳೋಕೆ ಯಾವಾಗ ಬರ್ತೀರಿ?”

ಮೆತೋದಿ ಜೋಲುಮುಖ ಹಾಕಿಕೊಂಡು ಹಿಂತಿರುಗಿದ. ಚೀಟಿ ಅಚ್ಚು ಹಾಕುವ ಪೆನ್ಕಾ ಕಾಫಿ ಹೀರುತ್ತ ಇವನ ಗೋಳನ್ನೆಲ್ಲ ಕೇಳಿದಳು.

“ಸತ್ತಿದ್ದು ಯಾರು ಅಂತ ತಿಳ್ಕೊಳ್ಳೋಕೆ ಈ ಜನ ಏನು ಬೇಕಾದ್ರೂ ಒತ್ತುತ್ತಾರೆ ಕಣ್ರೀ. ಒಪ್ಪಿದ್ರೆ ಮಾತ್ರ ಚೀಟಿ ತೆರೆಯೋ ಹಾಗೆ ಮಾಡಿ.”

“ಇವತ್ತು ಯಾರೂ ಸತ್ತಿಲ್ವಲ್ಲ.”

“ನೀವಿದ್ದೀರಲ್ಲ.”

“ನಾನ್ಯಾಕೆ?”

“ಬೇರೆಯೋರ ಹೆಸರು ಹಾಕಿದ್ರೆ ಜಗಳಕ್ಕೆ ಬರ್ತಾರೆ. ನೀವು ಬರಲ್ಲ. ಸ್ವಲ್ಪ ಹೊತ್ತು ಇಟ್ಟು ತೆಗೆದ್ರಾಯ್ತು.”

ಅದು ನಿಜವಾದ್ದರಿಂದ ಮೆತೋದಿ ಜೇಬಿನಿಂದ ಗುರುತಿನ ಚೀಟಿ ತೆಗೆದುಕೊಟ್ಟ. ಪೆನ್ಕಾ ಅದರಲ್ಲಿದ್ದ ಫೋಟೋಗೆ ಕಪ್ಪು ಅಂಚು ಕಟ್ಟಿದಳು. ‘ಸದಾ ದುಡಿದ, ಯಾರಿಗೂ ಭಾರವಾಗದ ನಮ್ಮ ಮೆತೋದಿ’ ಎಂದು ಬರೆದಳು. ಬದುಕಿದ್ದಾಗ ಯಾರೂ ಆಡದ ಮಾತು ಓದಿ ಮೆತೋದಿಯ ಕಣ್ಣು ತುಂಬಿತು. ಒಪ್ಪಿದರೆ ಮಾತ್ರ ತೆರೆಯುವಂತೆ ಮಾಡಿ, ಚೀಟಿಯನ್ನು ವೆಬ್‌ಸೈಟಿಗೆ ತಾನೇ ಏರಿಸಿದ.

ಲೆಕ್ಕ ಒಂದಾಯಿತು, ಹತ್ತಾಯಿತು, ನೂರು ದಾಟಿತು. ಜರ್ಮನಿಯಿಂದಲೂ ಜನ ಒಪ್ಪತೊಡಗಿದರು. ಈಗ ತೆಗೆಯುತ್ತೇನೆ, ಇನ್ನೊಂದಿಷ್ಟು ಏರಲಿ, ಎಂದುಕೊಳ್ಳುತ್ತಲೇ ಅವನು ಪರದೆಯ ಮುಂದಿನಿಂದ ಏಳಲಿಲ್ಲ. ತನ್ನನ್ನು ಇಷ್ಟು ಜನ ಬಲ್ಲರೆಂದು ಅವನಿಗೆ ಗೊತ್ತಿರಲಿಲ್ಲ.

ಸ್ತೊಯ್ನಾ ಎರಡು ಕಾರ್ನೇಶನ್ ಹೂ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. ಮೇಜಿನ ಮೇಲೆ ಹೂವಿಟ್ಟು ತಲೆಯೆತ್ತಿದರೆ ಎದುರಿಗೆ ಮೆತೋದಿ.

“ಬದುಕಿದ್ದೀಯೇನಪ್ಪಾ?”

“ಹೂಂ ಅಕ್ಕಾ.”

“ಮಧ್ಯಾಹ್ನಾನೇ ನಿನ್ನ ಮುಖ ಸರಿಯಿರ್ಲಿಲ್ಲ. ಅದಕ್ಕೇ ನಂಬಿದೆ.” ಒಂದು ಹೂವನ್ನು ಹಿಂದಕ್ಕೆ ತೆಗೆದುಕೊಂಡಳು. “ಜೋಡಿ ಹೂ ಸತ್ತೋರಿಗೆ. ಬದುಕಿರೋರಿಗೆ ಒಂಟಿ ಇರ್ಬೇಕು.”

ಅಷ್ಟರಲ್ಲಿ ಏದುಸಿರು ಬಿಡುತ್ತ ಯಜಮಾನರೇ ಬಂದರು. ಅವರೂ ದಾರಿಯಲ್ಲಿ ‘ಒಪ್ಪುತ್ತೇನೆ’ ಒತ್ತಿ, ಚೀಟಿ ಓದಿ, ಅತ್ತುಕೊಂಡೇ ಗಾಡಿ ಓಡಿಸಿದ್ದರು. ಮೆತೋದಿಯನ್ನು ನೋಡಿ ಕುರ್ಚಿ ಹಿಡಿದುಕೊಂಡರು. ಆಮೇಲೆ ಪರದೆ ನೋಡಿದರು, ಮುಖ ಅರಳಿತು.

“ಇಷ್ಟೊಂದು ಜನಾನಾ?”

“ಹೌದು ಯಜಮಾನ್ರೇ. ಈಗಲೇ ಚೀಟಿ ತೆಗೆದು, ತಪ್ಪಾಯ್ತು ಅಂತ ಹಾಕಿಬಿಡ್ತೀನಿ.”

ಯಜಮಾನರ ಮುಖ ಗಂಭೀರವಾಯಿತು.

“ತಪ್ಪಾಯ್ತು ಅಂತಾನಾ? ನಮ್ಮ ತಂದೆ ಕಾಲದಿಂದ ಈ ಅಂಗಡಿ ಚೀಟಿ ಒಂದೂ ಸುಳ್ಳಾಗಿಲ್ಲ ಮೆತೋದಿ. ಒಂದ್ಸಲ ಸುಳ್ಳು ಅಂದ್ರೆ ನಾಳೆ ಯಾರು ನಂಬಿ ಬರ್ತಾರೆ?”

“ಹಾಗಾದ್ರೆ ನಾನು?”

“ಸತ್ತೋನಿಗೆ ಸಂಬಳ ಕೊಡೋದು ಹೇಗಪ್ಪಾ? ನೀನಿಲ್ಲ ಅಂತ ಬಾಮೈದನಿಗೆ ದಾರೀಲೇ ಫೋನ್ ಮಾಡಿ ಬರೋಕೆ ಹೇಳ್ದೆ. ನೀನು ಬೇರೆ ಊರಲ್ಲಿರೋ ನಿಮ್ಮ ಸ್ವಂತ ಅಕ್ಕನ ಮನೆಗೆ ಹೋಗಿರು. ಇಲ್ಲಿ ಯಾರ ಕಣ್ಣಿಗೂ ಬೀಳ್ಬೇಡ.” ಅವರು ಇನ್ನೊಮ್ಮೆ ಲೆಕ್ಕ ನೋಡಿದರು. “ಹೋಗೋಕ್ಮುಂಚೆ, ಸತ್ತ ನಲವತ್ತನೇ ದಿನಕ್ಕೆ ಹಾಕೋ ನಿನ್ನ ನೆನಪಿನ ಚೀಟಿ ಬರೆದಿಟ್ಟು ಹೋಗು. ಬಾಮೈದನಿಗೆ ಬರೆಯೋಕೆ ಬರಲ್ಲ. ಒಪ್ಪಿಗೆಯಾಯ್ತಾ?”

ಮೆತೋದಿ ಬಾಯಿ ತೆರೆದ. ಇಡೀ ಊರೇ ಒಪ್ಪುವುದಿಲ್ಲ ಎಂದ ದಿನ ಅವನಿಗೂ ಹಾಗನ್ನಬೇಕೆನಿಸಿತು. ಆದರೆ ಅಭ್ಯಾಸವಿರಲಿಲ್ಲ.

“ಆಯ್ತು ಯಜಮಾನ್ರೇ,” ಎಂದ.

ಹೊರಟು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಸ್ತೊಯ್ನಾ ಒಳಗೆ ಬಂದಳು. ಹಿಂದಕ್ಕೆ ತೆಗೆದುಕೊಂಡಿದ್ದ ಹೂವನ್ನು ಮತ್ತೆ ಮೇಜಿನ ಮೇಲಿಟ್ಟು ಹೋದಳು.