ಹಿಕರಿ ಬೀದಿಯ ಏಳು ಬೀಗಲ್‌ಗಳು

ಎಲ್ಲಕ್ಕೂ ಕಾರಣ ವಿಮಾ ಕಂಪನಿಯ ಒಂದು ಕಾಗದ. ಪಿಟ್‌ಬುಲ್, ರಾಟ್‌ವೈಲರ್, ಡಾಬರ್‌ಮನ್ ಮುಂತಾದ ಕಚ್ಚುವ ಜಾತಿಯ ನಾಯಿ ಸಾಕಿದವರ ಮನೆಗೆ ಇನ್ನು ವಿಮೆ ಇಲ್ಲ, ಮಂಗಳವಾರ ನಮ್ಮವರು ಬಂದು ನಾಯಿ ನೋಡುತ್ತಾರೆ ಎಂದು ಬರೆದಿತ್ತು. ವಿಮೆ ಹೋದರೆ ಸಾಲ ಕೊಟ್ಟ ಬ್ಯಾಂಕು ಸುಮ್ಮನಿರದು. ನಾಯಿ ಬಿಡಬೇಕು, ಇಲ್ಲ ಮನೆ ಬಿಡಬೇಕು. ಓಹಾಯೋದ ಆ ಪುಟ್ಟ ಊರಿನ ಹಿಕರಿ ಬೀದಿಯವರು ಎರಡನ್ನೂ ಬಿಡುವವರಲ್ಲ.

ನಾಯಿ ನೋಡಲು ಹೊರಟ ಬಡಪಾಯಿ ವೆಂಡೆಲ್ ಪ್ರೂಯಿಟ್. ಹನ್ನೊಂದು ವರ್ಷ ಜನರ ಸೋರುವ ಸೂರು, ಬಿರುಕು ಗೋಡೆ ನೋಡಿ ವರದಿ ಬರೆದವನು. ನಾಯಿ ಬೊಗಳಿದರೆ ಮಾತ್ರ ವರದಿ ಅಲ್ಲೇ ಬಿಟ್ಟು ಕಾರಿಗೆ ಓಡುವವನು.

ಮೊದಲ ಮನೆ ಎಂಬತ್ತರ ಅಜ್ಜಿ ಒಡೆಸಾ ಟಿಬ್ಸ್‌ಳದು. "ಬಾಪ್ಪಾ ವೆಂಡೆಲ್, ಸೇಬಿನ ಪೈ ಬಿಸಿಬಿಸಿಯಾಗಿದೆ," ಎಂದಳು. ಹಿಂದಿನಿಂದ ಜೋತುಗಿವಿಯ, ಬೀಗಲ್ ಜಾತಿಯ ಪುಟ್ಟ ನಾಯಿ ಒಂದು ಬಂತು. "ಇದು ವಾಫಲ್. ನೊಣ ಬಂದ್ರೂ ಎದ್ದು ಜಾಗ ಬಿಡುತ್ತೆ, ಅಂಥ ಸಾಧು."

ವೆಂಡೆಲ್‌ಗೆ ಜೀವ ಬಂತು. 'ಬೀಗಲ್' ಎಂದು ಬರೆದು ಸಹಿ ಹಾಕಿದ.

ಎರಡನೆಯದು ಅಗ್ನಿಶಾಮಕ ದಳದಿಂದ ನಿವೃತ್ತನಾದ ಹಾಯ್ಟ್‌ನ ಮನೆ. ಬಾಗಿಲು ತೆರೆಯಲು ಸ್ವಲ್ಪ ತಡವಾಯಿತು. ಏದುಸಿರು ಬಿಡುತ್ತ ಬೀಗಲ್ ಒಂದು ಬಂತು.

"ಸೆನೆಟರ್ ಅಂತ ಹೆಸರು. ಬೇಟೆ ನಾಯಿ!"

"ಮೂತಿ ತುಂಬಾ ಪೈ ಅಂಟಿದೆಯಲ್ಲ?"

"ಅದೇ ಇವತ್ತಿನ ಬೇಟೆ."

ಮೂಲೆಯಲ್ಲಿ ಮಗುವಿಗೆ ಸ್ನಾನ ಮಾಡಿಸುವಷ್ಟು ದೊಡ್ಡ ನೀರಿನ ಬಟ್ಟಲಿತ್ತು. "ಅದಕ್ಕೆ ಈಜೋದಂದ್ರೆ ಪ್ರಾಣ," ಎಂದ ಹಾಯ್ಟ್.

ಮೂರನೆಯ ಮನೆಯಲ್ಲಿ ಬೀಗಲ್‌ನ ಹೆಸರು ಗ್ಲಾಡಿಸ್. "ತುಂಬಾ ನಾಚಿಕೆ ಹುಡುಗಿ ಕಣ್ರೀ," ಎಂದು ಮನೆಯೊಡತಿ ಹೇಳುತ್ತಿರುವಾಗಲೇ ಹುಡುಗಿ ಕಾಲೆತ್ತಿ ವೆಂಡೆಲ್‌ನ ಬೂಟು ತೋಯಿಸಿತು.

ಐದನೆಯ ಮನೆಗೆ ಬರುವಷ್ಟರಲ್ಲಿ, ಮನೆಮನೆಯಲ್ಲೂ ತಿಂದು, ಬೀಗಲ್ ತುಂಬಿದ ಕೊಡದಂತೆ ಉರುಳಾಡುತ್ತಿತ್ತು. ಆರನೆಯ ಮನೆಯ ಕಿಟಕಿಯಿಂದ ವೆಂಡೆಲ್ ಕಣ್ಣಾರೆ ಕಂಡ: ಒಡೆಸಾ ಅಜ್ಜಿಯೂ ಹಾಯ್ಟ್‌ನೂ ಬಟ್ಟೆ ಬುಟ್ಟಿಯಲ್ಲಿ ಅದನ್ನು ಕೂರಿಸಿ ಹಿತ್ತಿಲ ಬೇಲಿ ದಾಟಿಸುತ್ತಿದ್ದರು. ಅವನನ್ನು ಕಂಡದ್ದೇ ಅಜ್ಜಿ ಬುಟ್ಟಿ ಕೆಳಗಿಟ್ಟಳು.

"ಸುಳ್ಳು ಹೇಳಿದ್ದು ನಿಜ ಕಣಪ್ಪಾ. ನನ್ ರೋಸಿ ರಾಟ್‌ವೈಲರ್ರೇ. ಗಂಡ ಹೋದ್ಮೇಲೆ ನನ್ ಕಾಲ್ದೆಸೆ ಮಲಗೋ ಜೀವ ಅಂದ್ರೆ ಅದೊಂದೇ. ಇವತ್ತಿನವರೆಗೂ ಯಾರನ್ನೂ ಕಚ್ಚಿಲ್ಲ."

ವೆಂಡೆಲ್ ತಲೆ ಕೆರೆದುಕೊಂಡ. ಹನ್ನೊಂದು ವರ್ಷದಲ್ಲಿ ಒಂದು ಸುಳ್ಳು ವರದಿಯನ್ನೂ ಬರೆದವನಲ್ಲ. ಆದರೂ ಏಳನೆಯ ಮನೆಗೂ 'ಬೀಗಲ್' ಎಂದೇ ಬರೆದು ಸಹಿ ಹಾಕಿದ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿ, ಉಳಿದ ಪೈ ಕಟ್ಟಿಕೊಟ್ಟರು. ಶಿಳ್ಳೆ ಹಾಕುತ್ತ ಮನೆಗೆ ಬಂದ.

ಮನೆ ಮುಂದೆ ಸಹೋದ್ಯೋಗಿ ಜಿನ್ನಿ ಸ್ಟ್ರೌಡ್‌ಳ ಕಾರು ನಿಂತಿತ್ತು. ಕಂಪನಿಯಲ್ಲೇ ವಿಮೆ ಮಾಡಿಸಿದ ನೌಕರರ ಮನೆಗಳ ತಪಾಸಣೆ ಅವಳ ಪಾಲಿಗೆ ಬಂದಿತ್ತು. ಹಿತ್ತಿಲಲ್ಲಿ ಅವಳು ಬಾಯಿ ತೆರೆದುಕೊಂಡು ಫೋಟೋ ತೆಗೆಯುತ್ತಿದ್ದಳು. ಹುಲ್ಲಿನ ಮೇಲೆ ಕರುಗಳಂಥ ಏಳು ನಾಯಿಗಳು! ವೆಂಡೆಲ್‌ನ ಹೆಂಡತಿ ಲಾರ್ನಾ ಅವುಗಳಿಗೆ ಚೆಂಡು ಎಸೆಯುತ್ತಿದ್ದಳು.

"ಹಿಕರಿ ಬೀದಿಯವ್ರು ಸಂಜೆವರೆಗೆ ಇಟ್ಕೊಳ್ಳಿ ಅಂದ್ರು," ಎಂದು ಅವಳು ಗಂಡನ ಕಿವಿಯಲ್ಲಿ ಉಸುರಿದಳು. "ಪಾಪ ಅನ್ನಿಸ್ತು. ನಿಮ್ಗೆ ಹೇಳಿದ್ರೆ ಹೆದರ್ತೀರಾಂತ ಹೇಳ್ಲಿಲ್ಲ."

"ಯಾರವೋ ಇವೆಲ್ಲ?" ಎಂದಳು ಜಿನ್ನಿ. "ನಾಯಿ ಕಂಡ್ರೆ ಮೇಜು ಹತ್ತೋನು ನೀನು!"

ನಿಜ ಹೇಳಿದರೆ ಏಳು ಮನೆಗಳ ಜೊತೆ ಸಹಿ ಹಾಕಿದವನ ಕೆಲಸವೂ ಹೋಗುತ್ತದೆ. ಅಷ್ಟರಲ್ಲಿ ಅಜ್ಜಿಯ ರಾಟ್‌ವೈಲರ್ ರೋಸಿ ಬಂದು ಅವನ ಮೊಣಕಾಲಿಗೆ ತಲೆ ಆನಿಸಿ ನಿಂತಿತು.

"ನನ್ನವೇ," ಎಂದ ವೆಂಡೆಲ್.

ಜಿನ್ನಿ ನಿಟ್ಟುಸಿರು ಬಿಟ್ಟು 'ವಿಮೆ ರದ್ದು' ಎಂದು ಬರೆದಳು. ಕಾರಿನವರೆಗೆ ಹೋದವಳು ಹಿಂದಿರುಗಿ ಬಂದು, ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನಾಳೆ ನಮ್ಮನೆ ತಪಾಸಣೆಗೆ ಬೇರೆಯವ್ರು ಬರ್ತಾರೆ ಮಾರಾಯ. ಹೇಗೂ ನಿನ್ ವಿಮೆ ಹೋಯ್ತಲ್ಲ... ನನ್ ಡಾಬರ್‌ಮನ್‌ನ ಒಂದಿನ ಇಲ್ಲಿ ಬಿಡ್ಲಾ?"