ಜಿಪ್ಪಿನೊಳಗೆ ಸಿಕ್ಕಿಬಿದ್ದ ವೀರ

“ಈ ಸಲ ನನ್ನ ಭಾಷಣದಲ್ಲಿ ಒಂದು ನರಪಿಳ್ಳೆಯೂ ನಿದ್ದೆ ಮಾಡಕೂಡದು!”

ಭಾನುವಾರ ಬೆಳಿಗ್ಗೆ ಎದೆ ಸೆಟೆಸಿ ಹೀಗೆ ಘೋಷಿಸಿಬಿಟ್ಟೆ. ಕಾರಣವಿತ್ತು. ಕಳೆದ ಸಲ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನಾನು ಛಂದಸ್ಸಿನ ಬಗ್ಗೆ ಮಾತನಾಡಿದಾಗ, ನನ್ನನ್ನು ಕರೆಸಿದ್ದ ಗ್ರಂಥಪಾಲಕರೇ ಮೊದಲ ಸಾಲಿನಲ್ಲಿ ಗೊರಕೆ ಹೊಡೆದಿದ್ದರು. ಅದೂ ಛಂದೋಬದ್ಧವಾಗಿ! ಇನ್ನೊಮ್ಮೆ ಹೀಗಾದರೆ ನನಗೆ ಆ ವೇದಿಕೆಯ ಋಣ ತೀರಿದಂತೆಯೇ.

ಈ ಬಾರಿಯ ವಿಷಯ: ಕಾಮಿಕ್ಸಿನ ಸೂಪರ್ ಹೀರೋಗೂ ಪುರಾಣದ ವೀರನಿಗೂ ಏನು ವ್ಯತ್ಯಾಸ? ನಾನು ಸೂಪರ್ ಹೀರೋ ವೇಷದಲ್ಲೇ ಹೋಗುವುದೆಂದು ತೀರ್ಮಾನಿಸಿ, ನಾಟಕದ ಗೆಳೆಯನಿಂದ ನೀಲಿ ಉಡುಪು, ಕೆಂಪು ಹೊದಿಕೆ, ಕಣ್ಣಿಗೊಂದು ಕಪ್ಪು ಮುಖವಾಡ ತಂದಿದ್ದೆ. ಗೆಳೆಯ ಬಿದಿರುಕಡ್ಡಿ. ನಾನು ಹಾಗಲ್ಲ.

ನನ್ನ ಹೆಂಡತಿ ಬೆನ್ನಿಗೆ ಮೊಣಕಾಲು ಕೊಟ್ಟು ಜಿಪ್ ಎಳೆದಳು.

“ರೀ, ಉಸಿರು ಬಿಡಬೇಡಿ!”

“ಎಷ್ಟು ಹೊತ್ತು?”

“ಭಾಷಣ ಮುಗಿಯೋವರೆಗೂ!”

ನನಗೆ ಇಷ್ಟು ಹೇಳಿ, ಅವಳು ನನ್ನ ಅಮ್ಮನನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಮೊದಲೇ ಹೊರಟುಹೋದಳು. ಕುರ್ಚಿ ಹಾಕಿಸಬೇಕಿತ್ತಲ್ಲ.

ನಮ್ಮ ಮನೆಯ ಕನ್ನಡಿಯಲ್ಲಿ ಎದೆಯವರೆಗಷ್ಟೇ ಕಾಣುತ್ತದೆ. ಪೂರ್ಣಾವತಾರ ನೋಡಿಕೊಳ್ಳುವ ಆಸೆಯಿಂದ, ಹೊರಗಿನ ಲಿಫ್ಟಿನ ಸ್ಟೀಲು ಬಾಗಿಲ ಮುಂದೆ ನಿಲ್ಲೋಣವೆಂದು ಹೊಸ್ತಿಲು ದಾಟಿದೆ. ಗಾಳಿ ಬೀಸಿತು. ಧಡಾರ್! ಬಾಗಿಲು ತಾನೇ ಬೀಗ ಹಾಕಿಕೊಂಡಿತು. ಕೀಲಿ ಒಳಗೆ, ಫೋನು ಒಳಗೆ, ನನ್ನ ಪ್ಯಾಂಟೂ ಒಳಗೆ. ಸಾಲದ್ದಕ್ಕೆ ಕೆಂಪು ಹೊದಿಕೆಯ ತುದಿ ಬಾಗಿಲ ಸಂದಿಯಲ್ಲಿ! ಜಗತ್ತನ್ನು ಕಾಪಾಡಬೇಕಾದವನು ಸ್ವಂತ ಮನೆಯ ಬಾಗಿಲಿಗೆ ಕರುವಿನಂತೆ ಕಟ್ಟಿಹಾಕಲ್ಪಟ್ಟಿದ್ದ. ಎಳೆದೆ, ಜಗ್ಗಿದೆ, ಕಡೆಗೆ ಕತ್ತಿನ ಗಂಟು ಬಿಚ್ಚಿ ಹೊದಿಕೆಯನ್ನು ಅಲ್ಲೇ ತ್ಯಾಗ ಮಾಡಿದೆ.

ಹೇಗೂ ಮುಖವಾಡವಿದೆ, ಯಾರಿಗೆ ಗೊತ್ತಾಗುತ್ತದೆ? ಧೈರ್ಯವಾಗಿ ಮೆಟ್ಟಿಲಿಳಿದೆ. ಕೆಳಗೆ ಮೊದಲ ಮಹಡಿಯ ಆಂಟಿ ನೀರಿನ ಕ್ಯಾನ್ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

“ಓ, ಮೂರನೇ ಮಹಡಿ ಮೇಷ್ಟ್ರು! ಒಳ್ಳೆ ಹೊತ್ತಿಗೆ ಬಂದ್ರಿ. ಇದನ್ನ ಸ್ವಲ್ಪ ಮೇಲೆ ಇಟ್ಟುಕೊಡಿ.”

“ನಾನು ಅಂತ ಹೇಗೆ ಗೊತ್ತಾಯ್ತು?”

“ದಿನಾ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸ್ತೀರಲ್ಲ. ಆ ಹೊಟ್ಟೆಗೂ ಮುಖವಾಡ ಹಾಕ್ಬೇಕಿತ್ತು!”

ಸೂಪರ್ ಹೀರೋ ವೇಷ ತೊಟ್ಟು ಒಂದು ಕ್ಯಾನ್ ಎತ್ತದಿದ್ದರೆ ಮಾನ ಉಳಿದೀತೇ? ಬಗ್ಗಿದೆ. ಚರ್ರ್ರ್! ಕ್ಯಾನ್ ಮೇಲೆ ಬಂತು; ಉಡುಪಿನ ಹಿಂಭಾಗ ಇಬ್ಭಾಗವಾಯಿತು. ಮುಚ್ಚಿಕೊಳ್ಳೋಣವೆಂದರೆ ಹೊದಿಕೆ ಬಾಗಿಲಲ್ಲಿದೆ!

ಮುಂದಿನ ಎರಡು ಬೀದಿಗಳನ್ನು ಗೋಡೆಗೆ ಬೆನ್ನಂಟಿಸಿಕೊಂಡು ಏಡಿಯಂತೆ ಅಡ್ಡಡ್ಡ ಕ್ರಮಿಸಿದೆ. ಗ್ರಂಥಾಲಯದಲ್ಲಿ ಚಪ್ಪಾಳೆಯೋ ಚಪ್ಪಾಳೆ! ಅಡ್ಡನಡಿಗೆಯನ್ನೂ ಅಭಿನಯವೆಂದೇ ಜನ ತಿಳಿದರು. ಪುಸ್ತಕದ ಕಪಾಟಿಗೆ ಬೆನ್ನೊತ್ತಿ ನಿಂತು ಗರ್ಜಿಸಿದೆ:

“ಸೂಪರ್ ಹೀರೋಗೆ ವಯಸ್ಸಾಗೋದಿಲ್ಲ, ಸತ್ತರೂ ಮುಂದಿನ ಸಂಚಿಕೆಯಲ್ಲಿ ಎದ್ದು ಬರುತ್ತಾನೆ. ಪುರಾಣದ ವೀರ ಮುದುಕನಾಗುತ್ತಾನೆ, ಅಳುತ್ತಾನೆ, ಕೊಟ್ಟ ಮಾತಿಗೆ ಸಿಕ್ಕಿ ನರಳುತ್ತಾನೆ! ಸೂಪರ್ ಹೀರೋಗೆ ಮೊದಲ ಪುಟದಲ್ಲೇ ಅಪ್ಪ ಅಮ್ಮ ಸತ್ತಿರುತ್ತಾರೆ. ಆಮೇಲೇ ಅವನು ಹಾರೋದು!”

ಎರಡನೇ ಸಾಲಿನಿಂದ ಅಮ್ಮ ಎದ್ದು ನಿಂತರು.

“ಅಂದ್ರೆ ನಾನು ಬದುಕಿರೋದೇ ನಿನಗೆ ತೊಂದರೆಯೇನೋ?”

“ಅಯ್ಯೋ ಅಮ್ಮಾ, ಅದು ಅವನ ಕಥೆ!”

“ಮತ್ತೆ ನೀನ್ಯಾರು?”

ಸಭೆ ಘೊಳ್ಳೆಂದಿತು. ಗ್ರಂಥಪಾಲಕರಂತೂ ಕಣ್ಣು ಮಿಟುಕಿಸದೆ ಕೂತಿದ್ದರು. ಇಂಥ ಗಳಿಗೆಯನ್ನು ಬಿಡುವುದುಂಟೇ? ನನಗೆ ಆವೇಶ ಬಂತು.

“ನಾನು ಪುರಾಣದ ಪಕ್ಷ! ಸೂಪರ್ ಹೀರೋ ತಾನು ಯಾರೆಂದು ಬಚ್ಚಿಡುತ್ತಾನೆ. ನಮ್ಮ ವೀರ ಹೆತ್ತವರ ಹೆಸರು ಸಾರಿ ಹೇಳಿ ರಣರಂಗಕ್ಕೆ ಇಳಿಯುತ್ತಾನೆ. ಇಗೋ!” ಎಂದು ಮುಖವಾಡ ಕಿತ್ತೆಸೆದೆ. “ಮಹನೀಯರೇ, ಇವರೇ ನನ್ನ ತಾಯಿ! ನಾನು ಇವರ ಮಗ!”

ಚಪ್ಪಾಳೆ ಛಾವಣಿ ಮುಟ್ಟಿತು. ಹೆಂಡತಿ ಮಾತ್ರ ಬಾಗಿಲ ಬಳಿಯಿಂದ ಎರಡೂ ಕೈ ಬೀಸಿ ಬೇಡ ಬೇಡ ಎನ್ನುತ್ತಿದ್ದಳು. ನಾನು ಅದನ್ನೂ ಅಭಿಮಾನವೆಂದೇ ತಿಳಿದೆ. ಮುಖವಾಡ ಕಪಾಟಿನ ಕೆಳಗಿನ ಖಾನೆಗೆ ಹೋಗಿ ಬಿದ್ದಿತ್ತು. ಗೆಳೆಯನಿಗೆ ಹಿಂದಿರುಗಿಸಬೇಕಲ್ಲ! ಉಮೇದಿನಲ್ಲಿ ಸಭೆಗೆ ಬೆನ್ನು ಹಾಕಿ, ನೆಲದವರೆಗೆ ಬಗ್ಗಿದೆ.

ಆಮೇಲೆ ಎದ್ದ ನಗೆಗೆ ಕಪಾಟಿನ ಪುಸ್ತಕಗಳೇ ನಡುಗಿದವು. ಅದರ ನಡುವೆ, ಸೆರಗಿನಿಂದ ಮುಖ ಮುಚ್ಚಿಕೊಂಡ ಅಮ್ಮನ ದನಿ ಎಲ್ಲರಿಗೂ ಕೇಳಿಸಿತು:

“ಅಯ್ಯೋ ಮಗನೇ, ಆ ಸೂಪರ್ ಹೀರೋ ತಾನು ಯಾರ ಮಗ ಅಂತ ಯಾಕೆ ಹೇಳಲ್ಲ ಅಂತ ಈಗ ಗೊತ್ತಾಯ್ತು ಕಣೋ! ಅವನಿಗೆ ಹೆತ್ತವರ ಮರ್ಯಾದೆ ಮೇಲೆ ಕಾಳಜಿ ಇದೆ!”