ದೊಡ್ಡಪ್ಪನ ‘ನಾವು’

ತಾನು ಮಾಡದ ಪಾಪಗಳನ್ನೆಲ್ಲ ಒಪ್ಪಿಕೊಳ್ಳುವುದರಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರು ಹೊಸಪೇಟೆಯಲ್ಲಿ ಇನ್ನೊಬ್ಬರಿಲ್ಲ! ನಂಬಿಕೆ ಬರದಿದ್ದರೆ ನಮ್ಮ ಓಣಿಯವರನ್ನು ಕೇಳಿ.

ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಪ್ರಾರ್ಥಿಸುವುದು ಅವರ ರೂಢಿ. ಕಾಲುವೆಯ ಗೇಟು ಕಾಯುತ್ತಾ, ನೀರಿನ ಸದ್ದನ್ನು ಮೀರಿಸಿ ಮಾತಾಡಿ ಪಳಗಿದ ಗಂಟಲು. ನಿವೃತ್ತಿಯಾದ ಮೇಲೂ ತಗ್ಗಲಿಲ್ಲ. ದೇವರಿಗೇನು ಕಿವಿ ಮಂದವೇ ಎಂದು ಕೇಳಿದರೆ, “ದೇವ್ರಿಗೆ ಚಲೋ ಕೇಳಸ್ತೈತಿ. ನನಗ ಕೇಳಸ್ಬೇಕಲ್ಲ” ಎನ್ನುತ್ತಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಬೈಬಲಿನ ಇಬ್ರಿಯ ಪ್ರವಾದಿಗಳೆಂದರೆ ಅವರಿಗೆ ಪ್ರಾಣ. ಪ್ರವಾದಿ ದಾನಿಯೇಲ ತಾನು ಮಾಡದ ತಪ್ಪಿಗೂ ತನ್ನ ಜನರ ಜೊತೆಗೆ ನಿಂತು, ‘ಅವರು’ ಎನ್ನದೆ ‘ನಾವು’ ಎಂದು ಬೇಡಿಕೊಂಡನಲ್ಲ, ದೊಡ್ಡಪ್ಪನೂ ಅದನ್ನೇ ಹಿಡಿದರು. ದಾನಿಯೇಲನದು ಒಂದು ದೇಶ, ಇವರದು ನಮ್ಮ ಓಣಿ, ಅಷ್ಟೇ ವ್ಯತ್ಯಾಸ.

“ಕರ್ತನೇ, ನಾವು ಹಾಲಿಗೆ ನೀರು ಬೆರೆಸಿದ್ದೇವೆ, ಕ್ಷಮಿಸು” ಎಂದರು ಒಂದು ದಿನ. ಹಾಲು ಹಾಕುವಾಕೆ ಕೆಳಗೇ ನಿಂತಿದ್ದಳು. ಕ್ಯಾನನ್ನು ನೆಲಕ್ಕೆ ಕುಕ್ಕಿದಳು.

“ನಾವು ಅಂದ್ರ ಯಾರ್ರಿ ಯಜಮಾನ್ರ? ನಿಮ್ಮನ್ಯಾಗ ಎಮ್ಮಿ ಐತೇನು?”

“ಇಲ್ಲವ್ವ. ಆದ್ರ ಆ ಹಾಲು ಕುಡದು ಸುಮ್ಮನದೀನಲ್ಲ, ನಂದೂ ಪಾಲೈತಿ.”

ಮರುದಿನದಿಂದ ಹಾಲು ಗಟ್ಟಿಯಾಯಿತು, ನಮ್ಮ ಮನೆಗೆ ಮಾತ್ರ! ಓಣಿಯವರು ತಮ್ಮ ಹಾಲಿಗೂ ಒಂದು ಪ್ರಾರ್ಥನೆ ಮಾಡಿ ಎಂದು ಬಂದರು.

ಅದು ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಚೀನಾಕ್ಕೆ ಮಾರಾಟವಾಗುತ್ತಿದ್ದ ಕಾಲ. ಒಗೆದ ಬಟ್ಟೆ ಅದಿರಿನ ಧೂಳಿಗೆ ಹಗ್ಗದ ಮೇಲೇ ಕೆಂಪಾಗುತ್ತಿತ್ತು. ಪಕ್ಕದ ಮನೆಯವರು ಅಂಗಡಿ ಮುಚ್ಚಿ ಟಿಪ್ಪರ್ ಲಾರಿ ಕೊಂಡಿದ್ದರು. ದೊಡ್ಡಪ್ಪ ಬಿಡುತ್ತಾರೆಯೇ? “ಕರ್ತನೇ, ನಾವು ಲಾರಿಯಲ್ಲಿ ಹಿಡಿಸದಷ್ಟು ಅದಿರು ತುಂಬುತ್ತಿದ್ದೇವೆ...” ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತಿದ್ದ ಲಾರಿ ಮಾಲೀಕರು ಅಲ್ಲಿಂದಲೇ ಹೇಳಿದರು: “ದೊಡ್ಡವ್ರ, ಸ್ವಲ್ಪ ಮೆತ್ತಗ ಬೇಡ್ಕೊಳ್ರಿ. ಆರ್‌ಟಿಓದವ್ರು ಹಿಂದಿನ ಓಣ್ಯಾಗ ಅದಾರ.”

ಹೀಗಿರುವಾಗ ಒಂದು ಮಧ್ಯಾಹ್ನ ಸಂಡೂರು ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದ ದೊಡ್ಡಪ್ಪನಿಗೆ ಅದಿರಿನ ಲಾರಿ ತಗುಲಿ ಕಾಲು ಮುರಿಯಿತು. ಕಂಪ್ಲಿ ಕಡೆಯ ಡ್ರೈವರು. ನಿದ್ದೆಗೆಟ್ಟು ಟ್ರಿಪ್ಪಿನ ಮೇಲೆ ಟ್ರಿಪ್ಪು ಹೊಡೆಯುತ್ತಿದ್ದವನಿಗೆ ಕಣ್ಣು ಮುಚ್ಚಿತಂತೆ. ಆದರೆ ಓಡಿಹೋಗಲಿಲ್ಲ. ದೊಡ್ಡಪ್ಪನನ್ನು ಎತ್ತಿ ಅದೇ ಲಾರಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದ.

ಅವರು ಮನೆಗೆ ಬಂದ ಮೇಲೆ ಆತ ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತ. “ಯಪ್ಪಾ, ತಪ್ಪು ನಂದೈತಿ. ಹೊಟ್ಟಿಗೆ ಹಾಕ್ಕೊಳ್ರಿ.”

ತನ್ನ ಜನ ಎಷ್ಟು ಸಲ ಬಿಟ್ಟು ಹೋದರೂ ಮತ್ತೆ ಮನೆಗೆ ಕರೆಯುವ ದೇವರ ಬಗ್ಗೆ ಹೋಶೇಯನ ಪ್ರವಾದನೆಯಿಂದ ನಮಗೆಲ್ಲ ಪಾಠ ಹೇಳುತ್ತಿದ್ದ ದೊಡ್ಡಪ್ಪ, ಗೋಡೆಯ ಕಡೆಗೆ ಮುಖ ತಿರುಗಿಸಿಬಿಟ್ಟರು. ಆತ ಹಣ್ಣನ್ನು ಅಲ್ಲೇ ಇಟ್ಟು ಹೋದ.

“ಪೊಲೀಸ್ರಿಗೆ ಹೆದ್ರಿ ಬಂದಾನ” ಎಂದರು ದೊಡ್ಡಪ್ಪ.

“ನಿನೆವೆ ಊರವ್ರೂ ಹೆದ್ರಿನೇ ದೇವ್ರ ಕಡಿ ತಿರುಗಿದ್ರು” ಎಂದರು ದೊಡ್ಡಮ್ಮ. “ದೇವ್ರು ಕ್ಷಮಿಸಿದ. ಊರು ಉಳೀತಲ್ಲ ಅಂತ ಸಿಟ್ಟು ಮಾಡ್ಕೊಂಡು ಕುಂತಾಂವ, ಊರು ಹಾಳಾಕ್ಕೈತಿ ಅಂತ ಸಾರಿದ್ದ ಪ್ರವಾದಿ ಯೋನ.”

ಪ್ರವಾದಿಗಳ ವಿಷಯದಲ್ಲಿ ದೊಡ್ಡಪ್ಪನಿಗೆ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಎದುರಾಡಿರಲಿಲ್ಲ. ಅವರು ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಮಾಳಿಗೆಯಿಂದ ದನಿ ಕೇಳಿತು. ಮೆಟ್ಟಿಲು ಹತ್ತುವ ಸ್ಥಿತಿಯಲ್ಲಿ ದೊಡ್ಡಪ್ಪ ಇರಲಿಲ್ಲ. ಅದು ದೊಡ್ಡಮ್ಮ, ಎಂದೂ ತುಟಿ ಬಿಚ್ಚಿ ಪ್ರಾರ್ಥಿಸದ ಹೆಂಗಸು.

“ಕರ್ತನೇ, ತಪ್ಪಾತು ಅಂತ ಬಂದವ್ನಿಗೆ ನಾವು ಮಾರಿ ತಿರುವಿದಿವಿ. ನಾವು ಬಂದಾಗ ನೀ ಹಂಗ ಮಾಡ್ಲಿಲ್ಲ. ಯೇಸಪ್ಪ ಶಿಲುಬಿ ಮ್ಯಾಲೆ ನೋವಿನ್ಯಾಗಿದ್ರೂ ಹಂಗ ಮಾಡ್ಲಿಲ್ಲ. ನಮ್ಮನ್ನ ಕ್ಷಮ್ಸು.”

ಕೆಳಗೆ ಅಂಗಾತ ಮಲಗಿದ್ದ ದೊಡ್ಡಪ್ಪನ ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. “ಕಂಪ್ಲಿಗೆ ಹೋಗಿ ಅವನ್ನ ಕರ್ಕೊಂಡು ಬಾ” ಎಂದರು ನನಗೆ.

ಆತ ಅಳುಕುತ್ತಲೇ ಬಂದ. ದೊಡ್ಡಪ್ಪ ಅವನ ಕೈ ಹಿಡಿದುಕೊಂಡರು. “ನನಗ ಭಾಳ ಸಿಟ್ಟು ಬಂದಿತ್ತು ತಮ್ಮಾ. ನಾನೂ ನಿನ್ನ ಕ್ಷಮಾ ಕೇಳ್ಬೇಕು. ಕುಂದ್ರು, ಉಂಡು ಹೋಗು.” ದೊಡ್ಡಮ್ಮ ಅನ್ನ ಬಡಿಸಿದರು. ಆತ ದೊಡ್ಡಪ್ಪನ ಪಕ್ಕದಲ್ಲೇ ಕುಳಿತು ಉಂಡ. ಆ ಊಟವನ್ನು ಕಣ್ಣಾರೆ ಕಂಡೆನಲ್ಲ, ಅದಕ್ಕಾಗಿ ಇಂದಿಗೂ ದೇವರನ್ನು ನೆನೆಯುತ್ತೇನೆ.

ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಬಂದ ಭಾನುವಾರ ಆತ ಆಟೋ ತಂದು ದೊಡ್ಡಪ್ಪನನ್ನು ಚರ್ಚಿಗೆ ಕರೆದೊಯ್ದ. ಇಳಿಸಿಕೊಳ್ಳಲು ನಾನು ಕೈ ಚಾಚಿದೆ. ಅವರು ಹಿಡಿದದ್ದು ಅವನ ಹೆಗಲನ್ನು.

ಬಾಗಿಲ ಬಳಿ ಆತ ತಡೆದು ನಿಂತ. “ಯಪ್ಪಾ, ನಾನೂ ಒಳಗ ಬರಬೌದಾ?”

“ನಾ ಬರಬೌದು ಅಂದ್ಮ್ಯಾಲೆ ನೀ ಯಾಕ ಬರಬಾರ್ದು? ನನ್ನ ಚಪ್ಪಲಿ ಒಂಚೂರು ಬಿಚ್ಚು, ಬಗ್ಗಾಕ ಆಗವಲ್ದು.”

ಆತ ಕುಕ್ಕರಗಾಲಿನಲ್ಲಿ ಕುಳಿತ. ಬೀಳದಿರಲೆಂದು ದೊಡ್ಡಪ್ಪ ಅವನ ತಲೆಯ ಮೇಲೆ ಕೈ ಊರಿದರು. ಚಪ್ಪಲಿ ಬಿಚ್ಚಿಯಾದ ಮೇಲೂ ಆ ಕೈ ಅಲ್ಲೇ ಇತ್ತು.